ಹಸುವಿನ ಹಾಸಿಗೆಗೆ ಒಣ ಸಗಣಿ

ಹಾಲು ಕೊಡುವ ಹಸು ದಿನದಲ್ಲಿ 10ರಿಂದ 12 ಗಂಟೆಗಳ ಕಾಲ ಮಲಗಿರುತ್ತದೆ. ಅಷ್ಟು ಹೊತ್ತೂ ಕೆಚ್ಚಲು ನೆಲಕ್ಕೆ ತಗುಲಿರುತ್ತದೆ. ಬರಿಯ ಸಿಮೆಂಟು ನೆಲದಲ್ಲಿ ಮಂಡಿ ತರಚುತ್ತದೆ. ಹಸು ಮಲಗಲು ಹಿಂಜರಿಯುತ್ತದೆ. ಹಾಸು ಬೇಕೆಂಬುದನ್ನು ರೈತರು ಬಲ್ಲರು. ಆದರೆ ಹುಲ್ಲು ಮೇವಿಗೇ ಸಾಲದಿರುವಾಗ ಅದನ್ನು ಕಾಲಡಿಗೆ ಹಾಕುವವರು ಎಷ್ಟು ಮಂದಿ? ಮರಳೂ ಅಗ್ಗವಲ್ಲ. ಆದುದರಿಂದ ಸಗಣಿಯನ್ನೇ ಒಣಗಿಸಿ ಹಾಸಾಗಿ ಬಳಸುವ ವಿಧಾನವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಅಮೆರಿಕದ ಕ್ಯಾಲಿಫೋರ್ನಿಯಾದಂತಹ ಒಣ ಹವೆಯ ಪ್ರದೇಶದಲ್ಲಿ ಬಿಸಿಲಿಗೆ ಒಣಗಿದ ಸಗಣಿಯನ್ನು ಹೀಗೆ ಬಳಸುವ ರೂಢಿಯಿದೆ. ದೊಡ್ಡ ಡೈರಿಗಳಲ್ಲಿ ಬಗ್ಗಡವನ್ನು ತಿರುಪು ಯಂತ್ರದಿಂದ ಹಿಂಡಿ ನಾರನ್ನು ಬೇರ್ಪಡಿಸುತ್ತಾರೆ. ಹಿಂಡಿದ ಮೇಲೂ ಅದರಲ್ಲಿ ನೂರಕ್ಕೆ 65ರಿಂದ 70 ಭಾಗ ನೀರೇ ಇರುತ್ತದೆ. ಎರಡು ಮೂರು ಹಸುಗಳ ಮನೆಗೆ ಆ ಯಂತ್ರ ಬೇಕಿಲ್ಲ, ಬಯಲುಸೀಮೆಯ ಬೇಸಿಗೆ ಬಿಸಿಲೇ ಅದಕ್ಕಿಂತ ಚೆನ್ನಾಗಿ ಒಣಗಿಸುತ್ತದೆ.

ಮಿಶ್ರತಳಿ ಹಸುವೊಂದು ದಿನಕ್ಕೆ ಸುಮಾರು 20 ಕಿಲೋ ಸಗಣಿ ಹಾಕುತ್ತದೆ. ಒಣಗಿದರೆ ಉಳಿಯುವುದು 4 ಕಿಲೋದಷ್ಟು ಮಾತ್ರ. ಸಗಣಿಯನ್ನು ಕಣದ ಮೇಲೆ ಎರಡು ಬೆರಳು ದಪ್ಪಕ್ಕೆ ಹರಡಿ, ದಿನಕ್ಕೆರಡು ಬಾರಿ ತಿರುವಿ, ಗಂಟುಗಳನ್ನು ಒಡೆಯಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಪುಡಿಪುಡಿಯಾಗಿ ಉದುರುವಂತಿದ್ದರೆ ಬಳಸಲು ಯೋಗ್ಯ. ಉಂಡೆ ಕಟ್ಟಿದರೆ ಇನ್ನೂ ಒಣಗಿಲ್ಲ. ಗೋಬರ್ ಅನಿಲ ಸ್ಥಾವರದ ಬಗ್ಗಡ ತೀರ ನೀರಾಗಿರುವುದರಿಂದ ಅದಕ್ಕೆ ಹೆಚ್ಚು ದಿನ ಹಿಡಿಯುತ್ತದೆ; ಸ್ಥಾವರದಿಂದ ಹೊರಬಂದ ಮಾತ್ರಕ್ಕೆ ರೋಗಾಣುಗಳೆಲ್ಲ ಸತ್ತಿವೆ ಎಂದು ತಿಳಿಯಬಾರದು.

ಎಚ್ಚರ ವಹಿಸಬೇಕಾದುದು ಇಲ್ಲೇ. ಕೆಚ್ಚಲು ಬಾವು ತರುವ ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮೊದಲಾದ ಸೂಕ್ಷ್ಮಾಣುಗಳಿಗೆ ಸಗಣಿಯ ನಾರು ಒಳ್ಳೆಯ ಆಹಾರ. ಒಣಗಿದಾಗ ಅವು ಕಡಿಮೆಯಾಗುತ್ತವೆ. ಆದರೆ ಗಂಜಲವೋ ಸೋರಿದ ಹಾಲೋ ಬಿದ್ದು ಹಾಸು ನೆನೆದರೆ ಒಂದೆರಡು ದಿನದಲ್ಲೇ ಮತ್ತೆ ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಈ ವಿಷಯದಲ್ಲಿ ಮರಳಿಗೆ ಸಮನಾದುದಿಲ್ಲ, ಏಕೆಂದರೆ ಮರಳಿನಲ್ಲಿ ಅವಕ್ಕೆ ತಿನ್ನಲು ಏನೂ ಸಿಗುವುದಿಲ್ಲ. ಆದುದರಿಂದ ಒಣ ಸಗಣಿಯ ಹಾಸನ್ನು ತೆಳುವಾಗಿ ಹಾಕಿ, ಹಿಂಭಾಗದ ಒದ್ದೆಯನ್ನು ದಿನವೂ ಎಳೆದು ತೆಗೆದು, ಹೊಸ ಪುಡಿ ಹರಡಬೇಕು. ವಾರಕ್ಕೊಮ್ಮೆ ದಪ್ಪಗೆ ಸುರಿದು ಸುಮ್ಮನಾಗುವ ಪದ್ಧತಿ ಬೇಡವೇ ಬೇಡ. ಹಾಸಿನ ಮೇಲೆ ಒಂದು ನಿಮಿಷ ಮಂಡಿಯೂರಿ ನೋಡಿದರೆ ಸಾಕು: ಬಟ್ಟೆ ಒದ್ದೆಯಾದರೆ ಕೆಚ್ಚಲೂ ಒದ್ದೆಯಾಗುತ್ತಿದೆಯೆಂದೇ ಅರ್ಥ.

ಹಾಲು ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಕೂಡಲೇ ಮುಚ್ಚಿಕೊಳ್ಳುವುದಿಲ್ಲ. ಕನಿಷ್ಠ ಅರ್ಧ ಗಂಟೆಯಾದರೂ ಹಸು ನಿಂತಿರುವಂತೆ ಆಗಲೇ ಮೇವು ಹಾಕುವುದು ಸೂಕ್ತ. ಕರು ಹಾಕುವ ಜಾಗದಲ್ಲೂ ಎಳೆಗರುಗಳ ಕೆಳಗೂ ಈ ಹಾಸು ಕೂಡದು. ಜೋನ್ಸ್ ರೋಗದಂತಹವು ಸಗಣಿಯ ಮೂಲಕವೇ ಕರುಗಳಿಗೆ ಹರಡುತ್ತವೆ. ಬೇರೆಯವರ ಕೊಟ್ಟಿಗೆಯ ಸಗಣಿಯನ್ನು ಇದಕ್ಕಾಗಿ ತರಲೇಬಾರದು.

ಮಳೆಗಾಲದಲ್ಲಿ, ಮಲೆನಾಡು ಮತ್ತು ಕರಾವಳಿಯಲ್ಲಂತೂ, ಒಣ ಸಗಣಿಯ ಆಸೆ ಬಿಟ್ಟು ಭತ್ತದ ಹೊಟ್ಟನ್ನೋ ರಬ್ಬರ್ ಹಾಸನ್ನೋ ಬಳಸಬೇಕು. ಹಾಲಿನಲ್ಲಿ ಹೆಪ್ಪಿನ ಚೂರು ಕಂಡರೆ ಅಥವಾ ಕೆಚ್ಚಲು ಬಿಸಿಯಾಗಿ ಗಟ್ಟಿಯಾದರೆ ಸಗಣಿ ಹಾಸನ್ನು ಅಂದೇ ತೆಗೆದು ಪಶುವೈದ್ಯರನ್ನು ಕಾಣಬೇಕು. ತೆಗೆದ ಹಾಸು ಗಂಜಲ ಹೀರಿಕೊಂಡಿರುವುದರಿಂದ ಅದನ್ನು ತಿಪ್ಪೆಗುಂಡಿಗೆ ಹಾಕಿದರೆ ಗೊಬ್ಬರದ ಸಾರಜನಕ ಹೆಚ್ಚುತ್ತದೆ.