ಅಪರಾಧ ದಾಖಲೆ ಜಾಲ: ಲಾಗಿನ್ ಇರುವ ಪ್ರತಿಯೊಬ್ಬರ ಗಮನಕ್ಕೆ

ಪೊಲೀಸ್ ಠಾಣೆ, ನ್ಯಾಯಾಲಯ, ಜೈಲು, ವಿಧಿವಿಜ್ಞಾನ ಪ್ರಯೋಗಾಲಯ, ಸರ್ಕಾರಿ ಅಭಿಯೋಜಕರ ಕಚೇರಿ, ಈ ಐದು ಕಡೆ ಲಾಗಿನ್ ಪಡೆದಿರುವ ಸಿಬ್ಬಂದಿಗೂ ಅವರ ಮೇಲಿನ ಅಧಿಕಾರಿಗಳಿಗೂ ಈ ಸೂಚನೆ. 2009ರಲ್ಲಿ ಕೇಂದ್ರ ಸರ್ಕಾರ 2,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು, ದೇಶದ ಠಾಣೆಗಳನ್ನು ಸಿಸಿಟಿಎನ್‌ಎಸ್ ಎಂಬ ಒಂದೇ ಜಾಲಕ್ಕೆ ತರಲು ಹೊರಟಿತು. ಆಮೇಲೆ ಬಂದ ಐಸಿಜೆಎಸ್ ಎಂಬ ವ್ಯವಸ್ಥೆ ಮೇಲಿನ ಐದೂ ಅಂಗಗಳನ್ನು ಜೋಡಿಸಿತು. ಒಬ್ಬರು ಒಮ್ಮೆ ತುಂಬಿದ್ದನ್ನು ಉಳಿದವರೆಲ್ಲ ಬಳಸಬೇಕೆಂಬುದು ಅದರ ಉದ್ದೇಶ. ಹಾಗಾಗಿ ಒಂದು ಕಡೆ ಆದ ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ.

ಜಾಲವನ್ನು ನಡೆಸುವುದು ಕೇಂದ್ರ ಗೃಹ ಸಚಿವಾಲಯದ ಅಡಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಆದರೆ ಪೊಲೀಸ್ ಎಂಬುದು ರಾಜ್ಯಪಟ್ಟಿಯ ವಿಷಯ. ಕರ್ನಾಟಕದ ಠಾಣೆಗಳು ‘ಪೊಲೀಸ್ ಐಟಿ’ ತಂತ್ರಾಂಶದಲ್ಲಿ ತುಂಬಿದ ವಿವರದ ಹೊಣೆ ರಾಜ್ಯದ್ದೇ, ನ್ಯಾಯಾಲಯದ ವಿವರದ ಹೊಣೆ ನ್ಯಾಯಾಂಗದ್ದು. ಮೇಲಿನವರು ನೋಡಿಕೊಳ್ಳುತ್ತಾರೆಂದು ಯಾರೂ ಕೈಬಿಡುವಂತಿಲ್ಲ.

ಮಾಡಬೇಕಾದ್ದು

ಪ್ರಕರಣ ಹೇಗೆ ಮುಗಿಯಿತೆಂಬುದನ್ನು ತಪ್ಪದೆ ತುಂಬಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಹೆಚ್ಚು ಉಪೇಕ್ಷೆಗೆ ಗುರಿಯಾಗುವುದೂ ಇದೇ. ಎಫ್‌ಐಆರ್ ಹಾಕುವಾಗ ಇರುವ ಅವಸರ ಬಿ ರಿಪೋರ್ಟ್ ಅಂಗೀಕಾರವಾದಾಗ ಇರುವುದಿಲ್ಲ. ಖುಲಾಸೆಯಾದ ಹುಡುಗನೊಬ್ಬ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುತ್ತಾನೆ ಎಂದುಕೊಳ್ಳಿ. ವೆರಿಫಿಕೇಷನ್‌ಗೆ ಕೂತ ಸಿಬ್ಬಂದಿಯ ಪರದೆಯಲ್ಲಿ ಅವನ ಹೆಸರಿನ ಮುಂದೆ ಇನ್ನೂ ‘ವಿಚಾರಣೆಯಲ್ಲಿದೆ’ ಎಂದಿರುತ್ತದೆ. ತೀರ್ಪಿನ ನಕಲು ಹಿಡಿದು ಅವನು ಠಾಣೆಗೂ ಎಸ್‌ಪಿ ಕಚೇರಿಗೂ ಅಲೆಯಬೇಕು. ನ್ಯಾಯಾಲಯ ಬಿಟ್ಟವನನ್ನು ಕಂಪ್ಯೂಟರ್ ಹಿಡಿದಿಟ್ಟುಕೊಳ್ಳುವುದು ಅನ್ಯಾಯ. ತೀರ್ಪು ಠಾಣೆಗೆ ತಲುಪಿದ ದಿನವೇ ರೈಟರ್ ಅದನ್ನು ನಮೂದಿಸಬೇಕು, ಠಾಣಾಧಿಕಾರಿ ಪರದೆಯಲ್ಲೇ ನೋಡಿ ಖಚಿತಪಡಿಸಿಕೊಳ್ಳಬೇಕು.

ಬೆರಳಚ್ಚು, ಫೋಟೊಗಳ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಇವನ್ನು 75 ವರ್ಷ ಇಟ್ಟುಕೊಳ್ಳಲು ಬಿಡುತ್ತದೆ. ಆದರೆ ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ಬಿಡುಗಡೆಯಾಗಿ, ಮೇಲ್ಮನವಿಯ ದಾರಿಗಳೆಲ್ಲ ಮುಗಿದ ಮೇಲೆ, ನ್ಯಾಯಾಲಯ ಲಿಖಿತ ಕಾರಣ ಕೊಟ್ಟು ಬೇರೆ ಆದೇಶ ಮಾಡದಿದ್ದರೆ, ನಾಶಮಾಡಲೇಬೇಕು ಎನ್ನುತ್ತದೆ. ಅವನು ಬಂದು ಕೇಳಲಿ ಎಂದು ಕಾಯಬೇಡಿ.

ಹೆಸರು ಹೊಂದಿದರೆ ಸಾಲದು, ತಂದೆಯ ಹೆಸರು, ವಯಸ್ಸು, ಊರು, ಫೋಟೊ ಎಲ್ಲವನ್ನೂ ತಾಳೆ ನೋಡಿ. ನಮ್ಮಲ್ಲಿ ಒಂದು ಹೋಬಳಿಯಲ್ಲೇ ಹಲವು ಮಂಜುನಾಥರಿರುತ್ತಾರೆ. ಇಂಗ್ಲಿಷಿನಲ್ಲಿ ಬೆರಳಚ್ಚಿಸುವಾಗ ಒಬ್ಬರ ಹೆಸರಿನ ಕೊನೆಗೆ ‘ಎ’ ಸೇರುತ್ತದೆ, ಇನ್ನೊಬ್ಬರದ್ದಕ್ಕೆ ಸೇರುವುದಿಲ್ಲ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹೀಗೆ ಬಂದ ಹೊಂದಾಣಿಕೆಯನ್ನು ಸುಳಿವೆಂದು ತಿಳಿಯಿರಿ. ಪುರಾವೆ ಎಂದು ಬರೆಯಬೇಡಿ.

ಎಫ್‌ಐಆರ್‌ ಅನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಿ. 2016ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನವಿದು. ಸಂಪರ್ಕ ಕಷ್ಟವಿರುವ ಕಡೆ 72 ಗಂಟೆಯವರೆಗೆ ಅವಕಾಶವಿದೆ.

ಮಾಡಬಾರದ್ದು

ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಪ್ರಕರಣಗಳಿಗೆ ಆ 24 ಗಂಟೆಯ ನಿಯಮ ಅನ್ವಯಿಸುವುದಿಲ್ಲ. ಅವನ್ನು ಸಾರ್ವಜನಿಕ ಪುಟಕ್ಕೆ ಹಾಕಬೇಡಿ. ಅತ್ಯಾಚಾರ ಸಂತ್ರಸ್ತೆಯ ಗುರುತು ಹೊರಗೆಡವುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಜೈಲಾಗುವ ಅಪರಾಧ. ಪರದೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದೂ ಹೊರಗೆಡವಿದಂತೆಯೇ.

ಬಾಲಕರ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಯಾವುದಕ್ಕಾಗಲಿ ಕೊಡಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅದನ್ನು ತಡೆಯುತ್ತದೆ. ಪ್ರಕರಣ ಬಾಕಿ ಇದ್ದರೂ ಸರಿ, ಮುಗಿದಿದ್ದರೂ ಸರಿ, ಕೊಡುವಂತಿಲ್ಲ.

ಪಾಸ್‌ವರ್ಡ್ ಹಂಚಿಕೊಳ್ಳಬೇಡಿ. ಸಾಹೇಬರ ಲಾಗಿನ್ ರೈಟರ್ ಬಳಿ, ರೈಟರ್‌ನದ್ದು ಕಂಪ್ಯೂಟರ್ ಬಲ್ಲ ಹೊಸ ಪೇದೆಯ ಬಳಿ, ಕೊನೆಗೆ ಅದೇ ಚೀಟಿ ಮಾನಿಟರ್‌ಗೆ ಅಂಟಿಕೊಂಡಿರುತ್ತದೆ. ಸಿಬ್ಬಂದಿ ಕೊರತೆ ನಿಜ, ಕೆಲಸದ ಒತ್ತಡವೂ ನಿಜ. ಆದರೂ ಒಪ್ಪಲಾಗದು. ಯಾರ ಹೆಸರಲ್ಲಿ ಯಾರು ನೋಡಿದರೆಂದು ಗೊತ್ತಾಗದ ಕಡೆ ಮೇಲ್ವಿಚಾರಣೆಯೇ ಇಲ್ಲ. ಇನ್ನೊಬ್ಬರು ತಪ್ಪು ಮಾಡಿದಾಗ ವಿವರಣೆ ಕೊಡಬೇಕಾದವರು ಲಾಗಿನ್‌ನ ಒಡೆಯರೇ.

ಸ್ವಂತಕ್ಕಾಗಿ ಹುಡುಕಬೇಡಿ. ತಂಗಿಗೆ ಬಂದ ಸಂಬಂಧದ ಹುಡುಗ, ಬಾಡಿಗೆಗೆ ಬಂದವರು, ಪರಿಚಿತ ವಕೀಲರ ಕೋರಿಕೆ, ಸ್ಥಳೀಯ ಮುಖಂಡರ ಫೋನ್, ಯಾವುದೂ ಕಾರಣವಲ್ಲ.

ಮೇಲ್ವಿಚಾರಕರಿಗೆ

ಲಾಗ್‌ಗಳನ್ನು ಇಟ್ಟರೆ ಸಾಲದು, ಓದಬೇಕು. ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆಯಾದ ಸರ್ಟ್-ಇನ್‌ನ 2022ರ ನಿರ್ದೇಶನದಂತೆ 180 ದಿನದ ಲಾಗ್ ಇರಬೇಕು, ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಹೋಗಬೇಕು. ಪ್ರತಿ ತಿಂಗಳು ಕೆಲವು ಹುಡುಕಾಟಗಳನ್ನು ಎತ್ತಿಕೊಂಡು ‘ಇದು ಯಾವ ಕ್ರೈಂ ನಂಬರಿಗಾಗಿ?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಉತ್ತರ ಇಲ್ಲದಿದ್ದರೆ ಆ ಲಾಗಿನ್ ತಡೆಹಿಡಿದು ವಿಚಾರಣೆ ಮಾಡಿ. ವರ್ಗಾವಣೆ ಆದವರ, ನಿವೃತ್ತರ, ಡೆಪ್ಯುಟೇಷನ್ ಮೇಲೆ ಹೋದವರ ಲಾಗಿನ್‌ಗಳನ್ನು ಅವರು ಕರ್ತವ್ಯದಿಂದ ಬಿಡುಗಡೆಯಾದ ದಿನವೇ ಮುಚ್ಚಿಸಿ.