ತಾಯಿ ಚಿಟ್ಟೆ ಕೊಟ್ಟದ್ದು



ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆ ರೇಷ್ಮೆಹುಳು ಸಾಕಿದವರಿಗೆ ಒಂದು ವಿಸ್ಮಯ ಚೆನ್ನಾಗಿ ಗೊತ್ತು. ಸಾಸಿವೆಗಿಂತ ಚಿಕ್ಕದಾದ ಮೊಟ್ಟೆಯಿಂದ ಬಂದ ಹುಳು ಸುಮಾರು 25 ದಿನ ಸೊಪ್ಪು ತಿಂದು, ನಾಲ್ಕು ಜ್ವರ ದಾಟಿ, ಹುಟ್ಟಿದಾಗಿನ ತೂಕದ ಸುಮಾರು 10,000 ಪಟ್ಟು ಬೆಳೆಯುತ್ತದೆ. ಈ ಬೆಳವಣಿಗೆ ಎಲ್ಲಿಂದ ಬರುತ್ತದೆ? ಮಕ್ಕಳು ಕೇಳಿದರೆ ಏನು ಹೇಳುತ್ತೀರಿ?

ಕೋಶದಿಂದಲೇ ಕೋಶ

ಗಿಡವಾಗಲಿ, ಹುಳುವಾಗಲಿ, ಮನುಷ್ಯನಾಗಲಿ, ಎಲ್ಲರ ದೇಹವೂ ಜೀವಕೋಶಗಳಿಂದಾದದ್ದು. ಹೊಸ ಕೋಶ ಹುಟ್ಟುವುದು ಇನ್ನೊಂದು ಕೋಶದಿಂದ ಮಾತ್ರ ಎಂದು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 1855ರಲ್ಲಿ ಸಾರಿದರು. ಹಿಪ್ಪುನೇರಳೆಯ ಕಡ್ಡಿ ನೆಟ್ಟರೆ ಅದು ಬೇರು ಬಿಟ್ಟು ಚಿಗುರುತ್ತದೆ. ಕಡ್ಡಿಯ ಕೋಶವು ತನ್ನೊಳಗಿನ ವರ್ಣತಂತುಗಳನ್ನು ಮೊದಲು ಜೋಡಿಯಾಗಿ ನಕಲು ಮಾಡಿಕೊಂಡು, ನಂತರ ಎರಡಾಗಿ ಒಡೆಯುತ್ತದೆ. ಇಬ್ಬರಿಗೂ ಸಮಪಾಲು. ಆದ್ದರಿಂದಲೇ ಹೊಸ ಗಿಡ ತಾಯಿಗಿಡದಂತೆಯೇ ಇರುತ್ತದೆ.

ಒಡೆಯದೆ ಬೆಳೆಯುವ ಕೋಶ

ಎಲ್ಲ ಕೋಶಗಳೂ ಹೀಗೆ ಒಡೆಯುವುದಿಲ್ಲ. ಹುಳುವಿನ ರೇಷ್ಮೆಗ್ರಂಥಿಯ ಕೋಶಗಳ ಎಣಿಕೆ ಅದು ಮೊಟ್ಟೆಯಲ್ಲಿರುವಾಗಲೇ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಅವು ಒಡೆಯದೆ, ತಮ್ಮ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡಿಕೊಂಡು, ಲಕ್ಷಗಟ್ಟಲೆ ಪ್ರತಿಗಳನ್ನು ತುಂಬಿಕೊಂಡು ಹಿರಿದಾಗುತ್ತವೆ. ಹಣ್ಣಾದ ಹುಳು ಚಂದ್ರಿಕೆಯ ಮೇಲೆ ಸುತ್ತುವ ಎಳೆಗೆ ಬೇಕಾದ ರೇಷ್ಮೆಯನ್ನು ತಯಾರಿಸುವುದು ಈ ಕೋಶಗಳೇ.

ಇಬ್ಬರಿಂದ ಒಬ್ಬ

ಸಂತಾನದ ಕೋಶಗಳ ರೀತಿ ಬೇರೆ. ರೇಷ್ಮೆಹುಳುವಿನ ಕೋಶದಲ್ಲಿ 56 ವರ್ಣತಂತುಗಳಿದ್ದರೆ, ಮೊಟ್ಟೆಯ ಅಂಡಾಣುವಿನಲ್ಲಿ 28, ಗಂಡು ಚಿಟ್ಟೆಯ ವೀರ್ಯಾಣುವಿನಲ್ಲಿ 28. ಎರಡೂ ಕೂಡಿದಾಗ ಮತ್ತೆ 56. ಮಾಗಡಿ, ಕುಣಿಗಲ್ ಭಾಗ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದದ್ದು. ಆ ಗೂಡಿನಿಂದ ಬಂದ ಹೆಣ್ಣು ಚಿಟ್ಟೆಗೆ ದ್ವಿತಳಿ ಗಂಡನ್ನು ಕೂಡಿಸಿ ಮಿಶ್ರತಳಿ ಮೊಟ್ಟೆ ಪಡೆಯುತ್ತಾರೆ. ಹೀಗೆ ತಾಯಿಯ ತಾಳಿಕೆಯೂ ತಂದೆಯ ಒಳ್ಳೆಯ ಎಳೆಯೂ ಮರಿಗೆ ಬರಲೆಂಬುದು ಆಶಯ.

ತಾಯಿಯಿಂದ ಬರುವ ರೋಗ

ಆದರೆ ಅಂಡಾಣುವಿನಲ್ಲಿ ವರ್ಣತಂತುಗಳಷ್ಟೇ ಇರುವುದಿಲ್ಲ. ಮರಿಗೆ ಬೇಕಾದ ಜೀವರಸವೂ ಆಹಾರವೂ ತಾಯಿಯದೇ. ಅದರೊಡನೆ ಗಂಟುರೋಗದ ಸೂಕ್ಷ್ಮಜೀವಿಯೂ ನುಸುಳಬಲ್ಲದು. ಆ ಜೀವಿ ಕೋಶದೊಳಗೇ ವೃದ್ಧಿಯಾಗುತ್ತದೆ. ಬರಿಗಣ್ಣಿಗೆ ಮೊಟ್ಟೆ ಚೆನ್ನಾಗಿಯೇ ಕಾಣುತ್ತದೆ. ಹುಳು ಮಾತ್ರ ಸೊರಗುತ್ತದೆ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ, ಇಡೀ ಮನೆಯ ದುಡಿಮೆ ಮಣ್ಣುಪಾಲಾಗುತ್ತದೆ.

ಫ್ರಾನ್ಸಿನ ಲೂಯಿ ಪಾಶ್ಚರ್ 1865ರಿಂದ ಕೆಲವು ವರ್ಷ ಈ ರೋಗದ ಹಿಂದೆ ಬಿದ್ದರು. ಅವರು ಕಂಡುಕೊಂಡ ದಾರಿ ಸರಳ: ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶಮಾಡುವುದು. ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುವುದು ಇದೇ ತತ್ತ್ವದ ಮೇಲೆ.

ಆದ್ದರಿಂದ ನಾಲ್ಕು ಕಾಸು ಕಡಿಮೆಯೆಂದು ಪರೀಕ್ಷೆಯಾಗದ ಮೊಟ್ಟೆಯನ್ನು ಮನೆಗೆ ತರಬೇಡಿ. ಒಂದು ಕೋಶದಲ್ಲಿ ಸೇರಿದ್ದು ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಒಳ್ಳೆಯದೂ ಹಾಗೆಯೇ, ಕೆಟ್ಟದ್ದೂ ಹಾಗೆಯೇ. ಮುಂದಿನ ಸಲ ಚಾಕಿ ಹುಳುವಿಗೆ ಸೊಪ್ಪು ಹಾಕುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕಥೆ ಹೇಳಿ. ನಾವೂ ನೀವೂ ಒಂದೇ ಒಂದು ಕೋಶದಿಂದ ಬೆಳೆದವರೆಂದು ತಿಳಿದಾಗ ಅವರ ಕಣ್ಣು ಅರಳುವುದನ್ನು ನೋಡುವಿರಿ.