ಬೆನ್ನಿಗೆ ಮಣ್ಣು ಹತ್ತಿದ ಮೇಲೆ



ದಾವಣಗೆರೆ ಸೀಮೆಯ ಬಯಲು ಜಂಗಿ ಕುಸ್ತಿಯಲ್ಲಿ, ಅಂದರೆ ಜಾತ್ರೆಯ ಕಾಲದಲ್ಲಿ ತೆರೆದ ಅಖಾಡದಲ್ಲಿ ನಡೆಯುವ ನಾಡ ಕುಸ್ತಿಯಲ್ಲಿ, ಬೆನ್ನಿಗೆ ಮಣ್ಣು ಹತ್ತಿದವನು ಚಿತ್ ಆದನೆಂದೇ ತೀರ್ಪು. ಗೆದ್ದವನ ಕೈಗೆ ಬೆಳ್ಳಿ ಕಡಗ ಬರುತ್ತದೆ, ಸೋತವನು ಮೈಮಣ್ಣು ಕೊಡವಿಕೊಂಡು ಜನರ ನಡುವೆ ಮರೆಯಾಗುತ್ತಾನೆ. ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುರ್ಗಾಂಬಿಕಾ ದೇವಿ ಜಾತ್ರೆಯ ಕುಸ್ತಿಯನ್ನೋ ತಮ್ಮೂರ ಜಾತ್ರೆಯ ಕುಸ್ತಿಯನ್ನೋ ನೋಡುತ್ತ ಬೆಳೆದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಮಕ್ಕಳಿಗೆ ಈ ತೀರ್ಪು ಯಾರೂ ಹೇಳಿಕೊಡದೆಯೇ ಮೈಗೂಡಿರುತ್ತದೆ. ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯಹೊರಟಾಗ ಅವರಿಗೆ ಎದುರಾಗುವ ಮೊದಲ ತೊಡಕೂ ಇದೇ, ಏಕೆಂದರೆ ಕುಸ್ತಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಈ ವಿದ್ಯೆಯ ಮುಖ್ಯ ಭಾಗ ಶುರುವಾಗುತ್ತದೆ.

ಈ ವಿದ್ಯೆಯಲ್ಲಿ ಬೆನ್ನ ಮೇಲೆ ಮಲಗಿ, ಮೇಲೆ ಬಂದ ಎದುರಾಳಿಯನ್ನು ಕಾಲುಗಳಿಂದ ತಡೆದು, ಅವನ ತೋಳು ಮತ್ತು ಕೊರಳಪಟ್ಟಿಯನ್ನು ಹಿಡಿದು ಕಾದಾಡುವ ನಿಲುವಿಗೆ ಗಾರ್ಡ್ ಎಂದು ಹೆಸರು. ಕೆಳಗಿದ್ದವರು ಎದುರಾಳಿಯನ್ನು ಉರುಳಿಸಿ ಮೇಲೆ ಬಂದರೆ ಅದು ಸ್ವೀಪ್. ಮೇಲಿದ್ದವರು ಆ ಕಾಲುಗಳ ತಡೆಯನ್ನು ದಾಟಿ ಪಕ್ಕಕ್ಕೆ ಬಂದರೆ ಗಾರ್ಡ್ ಪಾಸ್. ಎದೆಯ ಮೇಲೆ ಏರಿ ಕುಳಿತರೆ ಮೌಂಟ್. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಎದುರಾಳಿಯನ್ನು ಕೆಡವಿದ್ದಕ್ಕೆ 2, ಸ್ವೀಪಿಗೆ 2, ಗಾರ್ಡ್ ದಾಟಿದ್ದಕ್ಕೆ 3, ಮೌಂಟಿಗೆ 4, ಎದುರಾಳಿಯ ಬೆನ್ನೇರಿ ಕಾಲು ಸಿಕ್ಕಿಸಿ ಹಿಡಿದರೆ 4 ಅಂಕಗಳಿವೆ. ಪ್ರತಿ ನಿಲುವನ್ನೂ ಮೂರು ಸೆಕೆಂಡು ಉಳಿಸಿಕೊಂಡರೆ ಮಾತ್ರ ಅಂಕ ಸಿಗುತ್ತದೆ. ಅಂಕಗಳೆಷ್ಟೇ ಇರಲಿ, ಕೀಲಿನ ಪಟ್ಟಿನಿಂದಲೋ ಕುತ್ತಿಗೆಯ ಪಟ್ಟಿನಿಂದಲೋ ಎದುರಾಳಿಯನ್ನು ಶರಣಾಗಿಸಿದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ.

ಗರಡಿಯಲ್ಲಿ ಸಾಮು ಮಾಡಿದವರಿಗೆ ಈ ವಿದ್ಯೆಯ ಅರ್ಧ ದಾರಿ ಸವೆದಂತೆಯೇ ಸರಿ. ನಿಂತು ಹಿಡಿಯುವುದು, ಎದುರಾಳಿಯ ತೂಕ ಯಾವ ಕಾಲಿನ ಮೇಲಿದೆ ಎಂದು ಮುಟ್ಟಿದೊಡನೆ ತಿಳಿಯುವುದು, ಬಸ್ಕಿ ಮತ್ತು ದಂಡದಿಂದ ಬಂದ ಸೊಂಟದ ಕಸುವು, ಇವೆಲ್ಲ ನಗರದ ಹವಾನಿಯಂತ್ರಿತ ಕೊಠಡಿಯಲ್ಲಿ ವರ್ಷಗಟ್ಟಲೆ ಕಲಿತವರಿಗೂ ಸುಲಭವಾಗಿ ದಕ್ಕುವುದಿಲ್ಲ. ತೊಡಕಿರುವುದು ಕೆಳಗೆ ಬಿದ್ದ ಮೇಲೆ. ಚಿತ್ ಆಗಬಾರದೆಂದು ಪೈಲ್ವಾನನ ಮೈ ತಾನಾಗಿಯೇ ಹೊಟ್ಟೆಯಡಿಯಾಗಿ ತಿರುಗುತ್ತದೆ, ಮತ್ತು ಕುಸ್ತಿಯ ನಿಯಮದಲ್ಲಿ ಅದು ಜಾಣತನವೇ: 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ದೈತ್ಯ ಜ್ಬಿಷ್ಕೊ, ಭಾರತದ ಗಾಮಾ ಪೈಲ್ವಾನನ ಕೈಗೆ ಸಿಕ್ಕಿ, ಎರಡೂವರೆ ಗಂಟೆಗೂ ಹೆಚ್ಚು ಕಾಲದ ಸೆಣಸಾಟದ ಬಹುಭಾಗವನ್ನು ಹೀಗೆಯೇ ನೆಲಕ್ಕಂಟಿಕೊಂಡು ಕಳೆದು, ಪಂದ್ಯವನ್ನು ಸಮಬಲದಲ್ಲಿ ಮುಗಿಸಿದನು. ಅದೇ ಭಂಗಿಯನ್ನು ಜಿಯು-ಜಿತ್ಸುವಿನಲ್ಲಿ ಹಿಡಿದವನ ಬೆನ್ನ ಮೇಲೆ ಎದುರಾಳಿ ಏರಿ, ಹಿಂದಿನಿಂದ ತೋಳು ತೂರಿಸಿ ಕುತ್ತಿಗೆಯ ಎರಡು ಬದಿಯ ರಕ್ತನಾಳಗಳನ್ನು ಒತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಆದುದರಿಂದ ಗರಡಿಯಿಂದ ಬಂದ ಅಭ್ಯಾಸಿಗಳು ಮೊದಲ ಆರು ತಿಂಗಳು ತಾವು ಬಲ್ಲ ಕೆಡಹುವ ಪಟ್ಟುಗಳನ್ನು ಬದಿಗಿಟ್ಟು, ಬೇಕೆಂದೇ ಕೆಳಗೆ ಮಲಗಿ ಅಭ್ಯಾಸ ಆರಂಭಿಸುವುದು ಮೇಲು. ಮೌಂಟಿನಿಂದ ಸೊಂಟವೆತ್ತಿ ಉರುಳಿಸುವುದು, ಪಕ್ಕಕ್ಕೆ ಸರಿದು ಮೊಣಕಾಲನ್ನು ನಡುವೆ ತೂರಿಸಿ ಮತ್ತೆ ಗಾರ್ಡಿಗೆ ಬರುವುದು, ಈ ಎರಡು ಬಿಡುಗಡೆಗಳು ಬೇಸರ ಬರುವಷ್ಟು ಸಲ ನಡೆಯಬೇಕು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಆದರೆ ಹತ್ತು ಜನರೆದುರು ತೊಡೆ ತಟ್ಟಿದವನಿಗೆ ತನಗಿಂತ ಹಗುರದವನ ಅಡಿಯಲ್ಲಿ ಮಲಗುವುದು ಕಷ್ಟವೆಂಬುದನ್ನು ಹಿರಿಯರು ಬಲ್ಲರು.

ಸೋಲಿನಿಂದ ಕಲಿಯುವುದರಲ್ಲಿ ನಾಚಿಕೆಯಿಲ್ಲವೆಂಬುದನ್ನು ಈ ವಿದ್ಯೆಯ ಚರಿತ್ರೆಯೂ ಹೇಳುತ್ತದೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಸ್ಥಾಪಿಸಿದ ಕೊಡೊಕಾನ್ ಎಂಬ ಜೂಡೊ ಶಾಲೆಯಲ್ಲಿ ಕಲಿತ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ತಲುಪಿ ಬೆಲೆಮ್ ನಗರದಲ್ಲಿ ಕಲಿಸತೊಡಗಿದರು. ಅವರ ವಿದ್ಯೆ ಕಾರ್ಲೋಸ್ ಗ್ರೇಸಿಗೂ ಅವರ ಮೂಲಕ ತಮ್ಮ ಹೆಲಿಯೊ ಗ್ರೇಸಿಗೂ ಬಂದಿತು. ದುರ್ಬಲ ಮೈಯ ಹೆಲಿಯೊ ಒಬ್ಬರೇ ಇಡೀ ನೆಲದ ಕುಸ್ತಿಯನ್ನು ಕಂಡುಹಿಡಿದರೆಂಬ ಕಥೆಯನ್ನು ಮನೆತನದ ಅಭಿಮಾನವೆಂದು ತಿಳಿದರೆ ಸಾಕು. ನೆಲದ ಪಟ್ಟುಗಳು ಜೂಡೊದಲ್ಲಿ ಮೊದಲೇ ಇದ್ದವು, ಅವುಗಳನ್ನು ಬಿಡದೆ ಬೆಳೆಸಿದ್ದು ಬ್ರೆಜಿಲಿನವರ ಹೆಚ್ಚುಗಾರಿಕೆ. 1951ರಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಮಸಾಹಿಕೊ ಕಿಮುರಾ, ಹೆಲಿಯೊ ಅವರ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿ ಹಿಡಿದಾಗ, ಹೆಲಿಯೊ ಶರಣಾಗದೆ ಅವರ ಕಡೆಯವರೇ ಪಂದ್ಯ ನಿಲ್ಲಿಸಬೇಕಾಯಿತು. ಸೋತ ಬಳಗದವರು ಆ ಪಟ್ಟಿಗೆ ಗೆದ್ದವನ ಹೆಸರನ್ನೇ ಇಟ್ಟರು, ಇಂದಿಗೂ ಜಗತ್ತಿನ ಜಿಯು-ಜಿತ್ಸು ಶಾಲೆಗಳಲ್ಲಿ ಅದು ಕಿಮುರಾ ಎಂದೇ ಕಲಿಸಲ್ಪಡುತ್ತದೆ.

ಹೆಲಿಯೊ ಅವರ ಆ ಹಟವನ್ನು ಮಾತ್ರ ಯಾರೂ ಅನುಕರಿಸಬಾರದು. ಪಟ್ಟು ಬಿಗಿಯಾದಾಗ ಎದುರಾಳಿಯ ಮೈಯನ್ನೋ ನೆಲವನ್ನೋ ಕೈಯಿಂದ ತಟ್ಟಿ ಶರಣೆಂದು ತಿಳಿಸುವುದಕ್ಕೆ ಟ್ಯಾಪ್ ಎನ್ನುತ್ತಾರೆ. ತಟ್ಟಿದೊಡನೆ ಬಿಡುವುದು ಮೇಲಿನವರ ಧರ್ಮ, ತಡಮಾಡದೆ ತಟ್ಟುವುದು ಕೆಳಗಿನವರ ವಿವೇಕ. ಮೊಣಕೈಯ ಪಟ್ಟಿನಲ್ಲಿ ನೋವು ಮುಂಚೆಯೇ ಎಚ್ಚರಿಸುತ್ತದೆ, ಹಿಮ್ಮಡಿ ತಿರುಚುವ ಪಟ್ಟಿನಲ್ಲಿ ನೋವು ತಿಳಿಯುವ ಹೊತ್ತಿಗೆ ಮೊಣಕಾಲಿನ ಕಟ್ಟು ಹರಿದಿರಬಹುದು. ಗಿ ಎಂಬ ದಪ್ಪ ಅಂಗಿ ತೊಟ್ಟು ಆಡುವ ಪಂದ್ಯಗಳಲ್ಲಿ ಈ ಎರಡನೆಯದನ್ನು ನಿಷೇಧಿಸಿರುವುದು ಇದಕ್ಕಾಗಿಯೇ.

ಊರಿನಲ್ಲಿ ಅಭ್ಯಾಸ ಮಾಡುವವರಿಗೆ ಜೊತೆಗಾರರೇ ಆಸ್ತಿ. ಬೆಂಗಳೂರಿನ ಶಾಲೆಯಲ್ಲಿ ಒಬ್ಬನಿಗೆ ಪೆಟ್ಟಾದರೆ ಇನ್ನೊಬ್ಬ ಸಿಗುತ್ತಾನೆ, ಜಗಳೂರಿನಲ್ಲೋ ನ್ಯಾಮತಿಯಲ್ಲೋ ಇರುವ ನಾಲ್ವರಲ್ಲಿ ಒಬ್ಬನ ಭುಜ ಕಳಚಿದರೆ ಎಲ್ಲರ ಅಭ್ಯಾಸವೂ ಕುಂಟುತ್ತದೆ. ಜೋಡಿ ಕಟ್ಟುವುದರಲ್ಲಿ ಹಿಂದಿನವರು ತೋರಿದ ಎಚ್ಚರ ಇಲ್ಲಿ ನೆನಪಿಗೆ ಬರಬೇಕು: 12ನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದ ಮಲ್ಲವಿನೋದವೆಂಬ ಭಾಗದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು ಮತ್ತು ಬಲಕ್ಕೆ ತಕ್ಕಂತೆ ವಿಂಗಡಿಸಿದ್ದಾನೆ. ತೂಕದ ಅಂತರ ಹೆಚ್ಚಿರುವಾಗ, ಅಥವಾ ಹುಡುಗಿಯರು ಹುಡುಗರು ಒಟ್ಟಿಗೆ ಕಲಿಯುವಾಗ, ಪೂರ್ಣ ಬಲದ ಸೆಣಸಾಟದ ಬದಲು ಒಂದೇ ನಿಲುವಿನಿಂದ ಆರಂಭಿಸಿ, ಬಿಡಿಸಿಕೊಂಡೊಡನೆ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಶುರುಮಾಡುವ ಪದ್ಧತಿ ಇಬ್ಬರಿಗೂ ಲಾಭದಾಯಕ.

ಬೆಲ್ಟಿನ ವಿಷಯದಲ್ಲಿ ಅವಸರ ಸಲ್ಲದು. ವಯಸ್ಕರಿಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂಬ ಕ್ರಮವಿದ್ದು, 16 ವರ್ಷ ತುಂಬುವ ಮೊದಲು ನೀಲಿಯಿಲ್ಲ, 19ಕ್ಕೆ ಮೊದಲು ಕಪ್ಪಿಲ್ಲ. ಅಂತರರಾಷ್ಟ್ರೀಯ ಒಕ್ಕೂಟದ ಸಾಮಾನ್ಯ ನಿಯಮದಂತೆ ನೀಲಿಯಲ್ಲಿ ಕನಿಷ್ಠ 2 ವರ್ಷ, ನೇರಳೆಯಲ್ಲಿ ಒಂದೂವರೆ ವರ್ಷ, ಕಂದಿನಲ್ಲಿ 1 ವರ್ಷ ಕಳೆಯಬೇಕು. ನಡೆವಳಿಕೆಯಲ್ಲಿ ಕಪ್ಪು ಬೆಲ್ಟಿಗೆ ಹತ್ತು ವರ್ಷ ಹಿಡಿಯುವುದೇ ಹೆಚ್ಚು. ಹತ್ತು ವರ್ಷವೆಂದರೆ ಚನ್ನಗಿರಿಯಲ್ಲಿ ಹತ್ತು ಸಲ ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ. ಹೊನ್ನಾಳಿಯ ಗದ್ದೆಗಳಲ್ಲಿ ನಾಟಿ, ಜಗಳೂರಿನ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳದ ಕಟಾವು. ಸುಗ್ಗಿಯ ವಾರಗಳಲ್ಲಿ ಒಂದೇ ದಿನದ ಅಭ್ಯಾಸ ಸಾಧ್ಯವಾದರೂ ಅದನ್ನು ಬಿಡದೆ, ಬಿಡುವಿನ ತಿಂಗಳುಗಳಲ್ಲಿ ವಾರಕ್ಕೆ ಮೂರು ದಿನ ನಡೆಸುವವರು, ಎರಡು ತಿಂಗಳು ದಿನವೂ ಬಂದು ಆಮೇಲೆ ಕಾಣೆಯಾಗುವವರಿಗಿಂತ ಮುಂದೆ ಹೋಗುತ್ತಾರೆ. ಉಗುರು ಕತ್ತರಿಸುವುದು, ಗಿ ಬಟ್ಟೆಯನ್ನು ಪ್ರತಿ ಸಲವೂ ಒಗೆಯುವುದು, ಹುಳುಕಡ್ಡಿಯ ಕಲೆ ಕಂಡರೆ ವಾಸಿಯಾಗುವವರೆಗೆ ಯಾರನ್ನೂ ಮುಟ್ಟದಿರುವುದು, ಇವು ಹೇಳಬೇಕಾಗಿಯೇ ಇಲ್ಲದ ಮಾತುಗಳು.

ಗರಡಿಯನ್ನು ಬಿಟ್ಟು ಬರಬೇಕಾದ ಅಗತ್ಯವಿಲ್ಲ. ಊರಿನ ಗರಡಿಯ ಹಿರಿಯ ಪೈಲ್ವಾನರನ್ನು ವಿನಯದಿಂದ ಕೇಳಿದರೆ ಒಂದು ಮೂಲೆಯಲ್ಲಿ ಮ್ಯಾಟ್ ಹಾಸಲು ಜಾಗ ಸಿಕ್ಕೀತು, ಎದುರಾಳಿಯನ್ನು ಕೆಡಹುವ ಪಾಠಕ್ಕೆ ಅವರಿಗಿಂತ ಒಳ್ಳೆಯ ಗುರುಗಳೂ ದೊರೆಯಲಾರರು. ನೆಲದ ಪಾಠಕ್ಕೆ ಮಾತ್ರ, ತಿಂಗಳಿಗೊಮ್ಮೆಯಾದರೂ ಸರಿ, ಅರ್ಹ ಗುರುವಿನ ಬಳಿಗೆ ಹೋಗಲೇಬೇಕು. ಮೊಬೈಲಿನ ವಿಡಿಯೊ ಪಟ್ಟನ್ನು ತೋರಿಸುತ್ತದೆಯೇ ಹೊರತು ಹಿಡಿತದ ತಪ್ಪನ್ನು ತಿದ್ದುವುದಿಲ್ಲ. ಈ ವಿದ್ಯೆಯಲ್ಲಿ ಕಪ್ಪು ಬೆಲ್ಟಿನ ಪ್ರತಿಯೊಬ್ಬ ಶಿಕ್ಷಕರೂ ತಮಗೆ ಅದನ್ನು ಕಟ್ಟಿದ ಗುರುವಿನ ಹೆಸರನ್ನೂ, ಆ ಗುರುವಿನ ಗುರುವಿನ ಹೆಸರನ್ನೂ ಹೇಳಬಲ್ಲರು. ಶುಲ್ಕ ಕೊಡುವ ಮೊದಲು ಕಿರಿಯರೂ ಅವರ ತಂದೆತಾಯಿಗಳೂ ಆ ಹೆಸರುಗಳನ್ನು ಕೇಳಲಿ, ನೇರ ಉತ್ತರ ಸಿಗದಿದ್ದರೆ ಅಲ್ಲಿಂದ ಎದ್ದು ಬರಲಿ.